ಹೊಟ್ಟೆಯೊಳಗೆ ಮಹಾಪಧಮನಿ ಒಡೆದಾಗ: ‘ಹೈ ರಿಸ್ಕ್’ ಇರುವವರಿಗೆ ಆಪರೇಷನ್ ಮಾಡಬೇಕೆ?

ಎಲ್ಲರಿಗೂ ನಮಸ್ಕಾರ.

“ಹೈ ರಿಸ್ಕ್ ಇದೆ, ಇಲ್ಲಿ ಸಹಿ ಮಾಡಿ.” ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಈ ಮಾತು ಕೇಳಿದವರು ಇಲ್ಲಿ ಬಹಳ ಮಂದಿ ಇರುತ್ತೀರಿ. ಸಹಿ ಮಾಡುವ ಮಗನಿಗೋ ಮಗಳಿಗೋ ಆ ಹೊತ್ತಿನಲ್ಲಿ ಕಾಗದ ಓದುವ ಮನಸ್ಥಿತಿ ಇರುವುದಿಲ್ಲ. ಯಾವುದರ ರಿಸ್ಕ್? ಎಷ್ಟು? ಆಪರೇಷನ್ ಮಾಡದಿದ್ದರೆ ಏನಾಗುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಮಲಗಿರುವ ಅಪ್ಪನಿಗೆ ಇದು ಬೇಕಾ? ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಸಹಿ ಬೀಳುತ್ತದೆ.

ನಾನು ರಕ್ತನಾಳಗಳ ಶಸ್ತ್ರಚಿಕಿತ್ಸೆ ಮಾಡುವವನು. ಈ ಪ್ರಶ್ನೆಗಳು ಅತಿ ಕಠಿಣವಾಗಿ, ಅತಿ ಕಡಿಮೆ ಸಮಯದಲ್ಲಿ ಎದುರಾಗುವ ಒಂದು ಕಾಯಿಲೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ಹೊಟ್ಟೆಯೊಳಗಿನ ಮಹಾಪಧಮನಿ ಉಬ್ಬಿಕೊಂಡು, ಒಂದು ದಿನ ಒಡೆಯುವುದು. ಡಾಕ್ಟರುಗಳು ಈ ಉಬ್ಬಿಗೆ ಅನ್ಯೂರಿಸಂ ಎನ್ನುತ್ತಾರೆ.

ಮೊದಲು ಅಂಗರಚನೆ, ಸ್ವಲ್ಪವೇ. ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳವೇ ಮಹಾಪಧಮನಿ. ಅದು ಎದೆಯಿಂದ ಇಳಿದು, ಬೆನ್ನೆಲುಬಿಗೆ ಒರಗಿಕೊಂಡೇ ಹೊಟ್ಟೆಯೊಳಗೆ ಬಂದು, ಹೊಕ್ಕುಳಿನ ಹತ್ತಿರ ಎರಡು ಕವಲಾಗಿ ಕಾಲುಗಳ ಕಡೆ ಹೋಗುತ್ತದೆ. ಕಿಡ್ನಿಗಳಿಗೆ ಕವಲು ಕೊಟ್ಟ ನಂತರದ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ವಯಸ್ಸಾದಂತೆ ಕೆಲವರಲ್ಲಿ ಈ ಭಾಗದ ಗೋಡೆ ಸಡಿಲವಾಗುತ್ತದೆ. ಅದರಲ್ಲೂ ಬೀಡಿ ಸಿಗರೇಟು ಸೇದಿದ ಗಂಡಸರಲ್ಲಿ, ಬಿಪಿ ಜಾಸ್ತಿ ಇರುವವರಲ್ಲಿ, ಮನೆತನದಲ್ಲಿ ಈ ಕಾಯಿಲೆ ಇರುವವರಲ್ಲಿ. ತೋಟಕ್ಕೆ ನೀರು ಬಿಡುವ ಹಳೇ ರಬ್ಬರ್ ಪೈಪು ಒಂದು ಕಡೆ ಉಬ್ಬಿಕೊಳ್ಳುವುದನ್ನು ನೋಡಿರುತ್ತೀರಿ, ಹಾಗೆ. ಅಗಲ 3 ಸೆಂಟಿಮೀಟರ್ ಮುಟ್ಟಿದರೆ ಅದನ್ನು ಅನ್ಯೂರಿಸಂ ಎನ್ನುತ್ತೇವೆ. ನಾಳ ಅಗಲವಾದಷ್ಟೂ, ಬಿಪಿ ಮೊದಲಿನಷ್ಟೇ ಇದ್ದರೂ, ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ಎಳೆತ ಹೆಚ್ಚಿದಾಗ ಇನ್ನಷ್ಟು ಅಗಲವಾಗುತ್ತದೆ. ಹಾಗಾಗಿ ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂಟಿಮೀಟರ್ ದಾಟಿದರೆ ಸರಿಪಡಿಸುವ ಮಾತು ಎತ್ತುತ್ತೇವೆ.

ತೊಂದರೆ ಏನೆಂದರೆ, ಒಡೆಯುವ ದಿನದವರೆಗೂ ಬಹಳ ಮಂದಿಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಇನ್ಯಾವುದಕ್ಕೋ ಅಲ್ಟ್ರಾಸೌಂಡ್ ಮಾಡಿಸಿದಾಗ ಕಾಣಬೇಕು, ಅಷ್ಟೆ.

ಫ್ರಾನ್ಸಿನ ಚಾರ್ಲ್ಸ್ ದ ಗಾಲ್ ಗೊತ್ತಲ್ಲ. ಎರಡನೇ ಮಹಾಯುದ್ಧದ ನಾಯಕ, ಆಮೇಲೆ ಆ ದೇಶದ ಅಧ್ಯಕ್ಷ. 1970ರ ನವೆಂಬರ್ 9ರ ಸಂಜೆ ಹಳ್ಳಿಯ ತಮ್ಮ ಮನೆಯಲ್ಲಿ ಇಸ್ಪೀಟು ಹರಡಿಕೊಂಡು ಒಬ್ಬರೇ ಆಡುತ್ತಾ ಕೂತಿದ್ದರು. ಇನ್ನು ಎರಡು ವಾರಕ್ಕೆ 80 ತುಂಬುತ್ತಿತ್ತು. ಇದ್ದಕ್ಕಿದ್ದಂತೆ ನೋವು ಎಂದರು, ಕುಸಿದರು. ಡಾಕ್ಟರು ಬಂದರೂ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹೊಟ್ಟೆಯ ಮಹಾಪಧಮನಿ ಒಡೆದಿತ್ತು. ಈ ಕಾಯಿಲೆ ಒಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಹೀಗೆ, ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಹೋಗುತ್ತಾರೆ.

ಉಳಿದ ಅರ್ಧದವರು ಯಾಕೆ ಬದುಕಿ ಬರುತ್ತಾರೆ? ಎಲ್ಲಿ ಒಡೆಯಿತು ಎನ್ನುವುದರ ಮೇಲೆ ಅದು ನಿಂತಿದೆ. ಮುಂಭಾಗದಲ್ಲಿ ಒಡೆದು ರಕ್ತ ಹೊಟ್ಟೆಯ ಖಾಲಿ ಜಾಗಕ್ಕೆ ನುಗ್ಗಿದರೆ ತಡೆಯುವವರಿಲ್ಲ. ಹಿಂಭಾಗದಲ್ಲಿ, ಬೆನ್ನಿನ ಕಡೆ ಒಡೆದರೆ, ಸುತ್ತಲಿನ ಅಂಗಾಂಶ ಮತ್ತು ಸ್ನಾಯು ರಕ್ತವನ್ನು ಒತ್ತಿ ಹಿಡಿಯುತ್ತವೆ. ಬಿಪಿ ಬೀಳುತ್ತದೆ, ಬಿದ್ದ ಬಿಪಿಯಿಂದಲೇ ಸೋರಿಕೆ ನಿಧಾನವಾಗುತ್ತದೆ, ಅಲ್ಲೊಂದು ಹೆಪ್ಪು ಕಟ್ಟುತ್ತದೆ. ದೇಹ ತಾನೇ ಒಂದಿಷ್ಟು ಸಮಯ ಸಂಪಾದಿಸಿಕೊಡುತ್ತದೆ.

ಎಷ್ಟು ಸಮಯ? ಇಂಗ್ಲೆಂಡಿನ ಲೆಸ್ಟರ್ ನಗರದ ಡಾಕ್ಟರುಗಳು 2004ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಮಹಾಪಧಮನಿ ಒಡೆದು ಆಸ್ಪತ್ರೆಗೆ ಬಂದು, ಬೇರೆ ಬೇರೆ ಕಾರಣಕ್ಕೆ ಆಪರೇಷನ್ ಆಗದೇ ತೀರಿಕೊಂಡ 56 ಜನರ ಲೆಕ್ಕ ಅದು. ಎಂಟರಲ್ಲಿ ಏಳು ಜನ ದಾಖಲಾದ ಮೇಲೆ ಎರಡು ಗಂಟೆಗಿಂತ ಹೆಚ್ಚು ಬದುಕಿದ್ದರು. ಅರ್ಧದಷ್ಟು ಜನ ಹತ್ತು ಗಂಟೆ ದಾಟಿದ್ದರು. ಆ ವರದಿಯ ಉದ್ದೇಶ ಬೇರೆ ಇತ್ತು. ಆಪರೇಷನ್‌ಗೆ ಮೊದಲು ಸಿಟಿ ಸ್ಕ್ಯಾನ್ ಮಾಡುವಷ್ಟು ಹೊತ್ತು ಸಿಗುತ್ತದೆಯೇ ಎಂದು ತಿಳಿಯಬೇಕಿತ್ತು. ಸಿಗುತ್ತದೆ ಎಂದು ಗೊತ್ತಾಯಿತು. ನನಗೆ ಅದರಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಸ್ಕ್ಯಾನಿಗೆ ಹೊತ್ತಿದೆ ಎಂದರೆ ಮಾತಿಗೂ ಹೊತ್ತಿದೆ. ಐದು ನಿಮಿಷದ ಮಾತು. ಅದು ರೋಗಿಯ ಜೊತೆಗೇ ಆಗಬೇಕು. ಈ ರೋಗಿಗಳಲ್ಲಿ ಬಹಳ ಮಂದಿ ಬರುವಾಗ ಎಚ್ಚರವಾಗಿರುತ್ತಾರೆ, ಹೆಸರು ಕೇಳಿದರೆ ಹೇಳುತ್ತಾರೆ. ಅವರನ್ನು ಬಿಟ್ಟು ಕಾರಿಡಾರಿನಲ್ಲಿ ಮಕ್ಕಳ ಹತ್ತಿರ ಮಾತ್ರ ಸಹಿ ತಗೊಳ್ಳುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಇದಕ್ಕೆ ಆಲ್ಬರ್ಟ್ ಐನ್‌ಸ್ಟೈನ್ ಅವರ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅವರಿಗೆ ಆಗಾಗ ಹೊಟ್ಟೆನೋವು ಬರುತ್ತಿತ್ತು. 1948ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಜ್ಯೂಯಿಷ್ ಆಸ್ಪತ್ರೆಯಲ್ಲಿ ರುಡಾಲ್ಫ್ ನಿಸೆನ್ ಎಂಬ ಸರ್ಜನ್ ಐನ್‌ಸ್ಟೈನ್ ಅವರ ಹೊಟ್ಟೆ ತೆರೆದು ನೋಡಿದರು. ನಿಸೆನ್ ಕೂಡ ಐನ್‌ಸ್ಟೈನ್ ಹಾಗೆಯೇ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ. ಒಳಗೆ ದೊಡ್ಡ ಅನ್ಯೂರಿಸಂ ಇತ್ತು. ಆಗ ಅದನ್ನು ಕತ್ತರಿಸಿ ಬೇರೆ ನಾಳ ಹೊಲಿಯುವ ವಿದ್ಯೆ ಯಾರ ಕೈಯಲ್ಲೂ ಇರಲಿಲ್ಲ. ನಿಸೆನ್ ಆ ಉಬ್ಬಿನ ಸುತ್ತ ಸೆಲ್ಲೋಫೇನ್ ಸುತ್ತಿದರು. ಹೌದು, ಉಡುಗೊರೆಗೆ ಸುತ್ತುವ ಅದೇ ಹಾಳೆ. ಹೊರಗಿನ ವಸ್ತು ತಾಗಿದರೆ ದೇಹ ಕೆರಳಿ ಅಲ್ಲಿ ಗಟ್ಟಿ ಕಲೆ ಕಟ್ಟುತ್ತದೆ, ಅದು ಗೋಡೆಗೆ ಬಲ ಕೊಡುತ್ತದೆ ಎನ್ನುವ ಲೆಕ್ಕ. ಐನ್‌ಸ್ಟೈನ್ ಆಮೇಲೆ ಆರು ವರ್ಷಕ್ಕೂ ಹೆಚ್ಚು ಬದುಕಿದರು, ಕೆಲಸ ಮಾಡಿದರು.

1955ರ ಏಪ್ರಿಲ್‌ನಲ್ಲಿ ಅದು ಸೋರಲು ಶುರುವಾಯಿತು. ವಯಸ್ಸು 76. ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ಮುಂದೆ ಹೋಗಿತ್ತು. 1951ರಲ್ಲಿ ಪ್ಯಾರಿಸಿನ ಚಾರ್ಲ್ಸ್ ದ್ಯುಬೋ ಉಬ್ಬಿದ ಭಾಗ ತೆಗೆದು, ತೀರಿಕೊಂಡವರೊಬ್ಬರ ಮಹಾಪಧಮನಿಯ ತುಂಡನ್ನು ಹೊಲಿದು ಯಶಸ್ವಿಯಾಗಿದ್ದರು. 1953ರಲ್ಲಿ ಅಮೆರಿಕದ ಹೆನ್ರಿ ಬಾನ್ಸನ್ ಒಡೆದ ಅನ್ಯೂರಿಸಂ ಇದ್ದವರನ್ನೇ ಉಳಿಸಿದ್ದರು. ನ್ಯೂಯಾರ್ಕಿನ ಹೆಸರಾಂತ ಸರ್ಜನ್ ಫ್ರಾಂಕ್ ಗ್ಲೆನ್ ಐನ್‌ಸ್ಟೈನ್ ವಾಸವಿದ್ದ ಪ್ರಿನ್ಸ್‌ಟನ್‌ಗೆ ಬಂದು ನೋಡಿದರು, ಆಪರೇಷನ್ ಮಾಡಬಹುದು ಎಂದರು. ಐನ್‌ಸ್ಟೈನ್ ಬೇಡವೆಂದರು. ಕೃತಕವಾಗಿ ಆಯಸ್ಸು ಎಳೆಯುವುದರಲ್ಲಿ ರುಚಿಯಿಲ್ಲ, ನನ್ನ ಪಾಲಿನ ಕೆಲಸ ಮುಗಿದಿದೆ, ಹೊರಡುವ ಹೊತ್ತಾಗಿದೆ ಎಂಬ ಅರ್ಥದಲ್ಲಿ ಮಾತಾಡಿದರು. ಆಸ್ಪತ್ರೆಗೆ ಸೇರಿದ ಮೇಲೆ ಕನ್ನಡಕ ತರಿಸಿಕೊಂಡರು, ಬರೆಯುತ್ತಿದ್ದ ಹಾಳೆಗಳನ್ನು ತರಿಸಿಕೊಂಡರು. ಏಪ್ರಿಲ್ 18ರ ನಸುಕಿಗೆ ಮುಂಚೆ ತೀರಿಕೊಂಡರು.

ಅವರು ತಪ್ಪು ಮಾಡಿದರೇ? ಅಂದಿನ ಆಪರೇಷನ್‌ನಲ್ಲಿ ಬದುಕುವ ಸಾಧ್ಯತೆ ತೀರಾ ಕಡಿಮೆ ಇತ್ತು, ಅದು ನಿಜ. ಆದರೆ ನನ್ನ ಗಮನ ಬೇರೆ ಕಡೆ. ಅವರಿಗೆ ಕಾಯಿಲೆ ಇದೆಯೆಂದು ಆರು ವರ್ಷದಿಂದ ಗೊತ್ತಿತ್ತು. ಒಂದು ದಿನ ಒಡೆಯಬಹುದು ಎಂದೂ ಗೊತ್ತಿತ್ತು. ಯೋಚನೆ ಮುಗಿದಿತ್ತು. ಸರ್ಜನ್ ಬಂದು ಕೇಳಿದಾಗ ಉತ್ತರ ತಯಾರಿತ್ತು.

ಇದಕ್ಕೆ ಪೂರ್ತಿ ಎದುರು ನಿಲ್ಲುವ ಇನ್ನೊಂದು ಘಟನೆ ಇದೆ. ಅಮೆರಿಕದ ಹ್ಯೂಸ್ಟನ್ನಿನ ಸರ್ಜನ್ ಮೈಕೆಲ್ ಡಬೇಕಿ ಈ ಶಸ್ತ್ರಚಿಕಿತ್ಸೆಯನ್ನೇ ಕಟ್ಟಿ ಬೆಳೆಸಿದವರಲ್ಲಿ ಒಬ್ಬರು. ನಾವು ಇವತ್ತಿಗೂ ಹೊಲಿಯುವ ಡೇಕ್ರಾನ್ ಬಟ್ಟೆಯ ನಾಳಗಳನ್ನು ಮೊದಲು ಅವರು ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಹೊಲಿದರು. ಅಂಗಡಿಗೆ ಹೋದಾಗ ನೈಲಾನ್ ಮುಗಿದಿತ್ತು, ಡೇಕ್ರಾನ್ ಇತ್ತು, ಅದನ್ನೇ ತಂದರು. ಅದೃಷ್ಟ ನೋಡಿ, ನೈಲಾನ್ ದೇಹದೊಳಗೆ ಬಾಳುತ್ತಿರಲಿಲ್ಲ.

2005ರ ಡಿಸೆಂಬರ್ 31ರಂದು ಇದೇ ಡಬೇಕಿಯವರಿಗೆ ಎದೆಯಲ್ಲಿ ಭಯಂಕರ ನೋವು ಬಂತು. ವಯಸ್ಸು 97. ತಮಗೇನಾಗಿದೆ ಎಂದು ಅವರಿಗೇ ಗೊತ್ತಾಯಿತು. ಮಹಾಪಧಮನಿಯ ಒಳಪದರ ಸೀಳಿತ್ತು. ಇದು ನಾನು ಹೇಳುತ್ತಿರುವ ಹೊಟ್ಟೆಯ ಉಬ್ಬಿಗಿಂತ ಬೇರೆ ಕಾಯಿಲೆ, ಹೃದಯದ ಹತ್ತಿರದ್ದು. ಆದರೆ ಪ್ರಶ್ನೆ ಒಂದೇ. ಇಷ್ಟು ವಯಸ್ಸಾದವರಿಗೆ ಇಷ್ಟು ದೊಡ್ಡ ಆಪರೇಷನ್ ಮಾಡಬೇಕೆ? ಅವರು ವಾರಗಟ್ಟಲೆ ಮನೆಯಲ್ಲೇ ಇದ್ದರು. ಆಸ್ಪತ್ರೆಗೆ ಸೇರಿದ ಮೇಲೂ ಆಪರೇಷನ್ ಬೇಡ ಎಂದರು, ಅದು ದಾಖಲೆಯಲ್ಲೂ ಇತ್ತು. ಫೆಬ್ರುವರಿಯಲ್ಲಿ ಪ್ರಜ್ಞೆ ತಪ್ಪಿದಾಗ ಅರಿವಳಿಕೆ ಡಾಕ್ಟರುಗಳು ಹಿಂದೆ ಸರಿದರು. ಆಸ್ಪತ್ರೆಯ ನೈತಿಕ ಸಮಿತಿ ರಾತ್ರಿ ಸೇರಿತು. ಹೆಂಡತಿ ಸಭೆಯೊಳಗೇ ನುಗ್ಗಿ ಬಂದು ಈಗಲೇ ಮಾಡಿ ಎಂದರು. ಸಮಿತಿ ಒಪ್ಪಿತು. ಹೊರಗಿನಿಂದ ಅರಿವಳಿಕೆ ಡಾಕ್ಟರನ್ನು ಕರೆಸಿ, ಡಬೇಕಿಯವರ ಬಹುಕಾಲದ ಸಹೋದ್ಯೋಗಿ ಜಾರ್ಜ್ ನೂನ್ ಸುಮಾರು ಏಳು ಗಂಟೆ ಆಪರೇಷನ್ ಮಾಡಿದರು. ತಿಂಗಳುಗಟ್ಟಲೆ ಒದ್ದಾಡಿ ಡಬೇಕಿ ಗುಣವಾದರು. ಮಾಡಿದ್ದು ಒಳ್ಳೆಯದಾಯಿತು ಎಂದರು. 2008ರ ಜುಲೈನಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆ ಕೇಳಿದವರು ಸಾಮಾನ್ಯವಾಗಿ “ನೋಡಿ, ವಯಸ್ಸು ಲೆಕ್ಕಕ್ಕಿಲ್ಲ” ಎನ್ನುತ್ತಾರೆ. ನನಗೆ ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಅವರು ಬದುಕಿ ಬಂದರು, ಸಂತೋಷಪಟ್ಟರು, ಸರಿ. ಬದುಕದೇ ಹೋಗಿದ್ದರೆ? ಎಂಟು ತಿಂಗಳು ಯಂತ್ರಗಳ ನಡುವೆ ಇದ್ದು ಹೋಗಿದ್ದರೆ? ಅವರೇ ಬೇಡ ಎಂದದ್ದನ್ನು ನಾವು ಮಾಡಿದೆವು ಎಂದು ಅಂದು ಅಲ್ಲಿದ್ದವರು ಕೊರಗುತ್ತಿದ್ದರು. ಫಲ ಒಳ್ಳೆಯದಾಯಿತು ಎನ್ನುವ ಕಾರಣಕ್ಕೆ ಆ ರಾತ್ರಿಯ ನಿರ್ಧಾರ ಸುಲಭವಾಗುವುದಿಲ್ಲ.

ಈಗ ಆಪರೇಷನ್ ಥಿಯೇಟರಿನೊಳಗೆ ಬನ್ನಿ. ‘ಹೈ ರಿಸ್ಕ್’ ಎಲ್ಲಿಂದ ಬರುತ್ತದೆ ಎನ್ನುವುದು ಅಲ್ಲಿ ನಿಂತರೆ ಅರ್ಥವಾಗುತ್ತದೆ.

ಬೇರೆ ಆಪರೇಷನ್‌ಗಳಲ್ಲಿ ರೋಗಿಗೆ ಮೊದಲು ಅರಿವಳಿಕೆ ಕೊಡುತ್ತಾರೆ, ನಿದ್ದೆ ಹೋದ ಮೇಲೆ ಹೊಟ್ಟೆ ಒರೆಸಿ, ಬಟ್ಟೆ ಹೊದಿಸುತ್ತಾರೆ. ಇಲ್ಲಿ ತಲೆಕೆಳಗು. ರೋಗಿ ಎಚ್ಚರ ಇರುವಾಗಲೇ ಎದೆಯಿಂದ ಮಂಡಿಯವರೆಗೆ ಔಷಧಿ ಬಳಿದು, ಹಸಿರು ಬಟ್ಟೆ ಹೊದಿಸಿ, ನಾವು ಗ್ಲೌಸ್ ಹಾಕಿಕೊಂಡು ಚಾಕು ಕೈಯಲ್ಲಿ ಹಿಡಿದು ನಿಲ್ಲುತ್ತೇವೆ. ಆಮೇಲೆ ಅರಿವಳಿಕೆ. ಯಾಕೆಂದರೆ ಆ ಕ್ಷಣದಲ್ಲಿ ಹೊಟ್ಟೆಯ ಸ್ನಾಯುಗಳು ಸಡಿಲಾಗುತ್ತವೆ, ರಕ್ತನಾಳಗಳ ಬಿಗಿ ಹೋಗುತ್ತದೆ, ಅಲ್ಲಿಯವರೆಗೆ ಒತ್ತಿ ಹಿಡಿದಿದ್ದ ರಕ್ತ ಬಿಟ್ಟುಕೊಳ್ಳುತ್ತದೆ, ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಅರಿವಳಿಕೆ ಡಾಕ್ಟರು “ಶುರು ಮಾಡಿ” ಎಂದ ಕೂಡಲೇ ಎದೆಮೂಳೆಯ ಕೆಳಗಿನಿಂದ ತಳದವರೆಗೆ ಒಂದೇ ಗೆರೆಯಲ್ಲಿ ಹೊಟ್ಟೆ ತೆರೆದು, ಉಬ್ಬಿನ ಮೇಲ್ಗಡೆ ಮಹಾಪಧಮನಿಗೆ ಕ್ಲಾಂಪ್, ಅಂದರೆ ನಾಳವನ್ನು ಒತ್ತಿ ಮುಚ್ಚುವ ಇಕ್ಕಳ, ಹಾಕಬೇಕು. ರಕ್ತದಲ್ಲಿ ಎಲ್ಲವೂ ಮುಳುಗಿದ್ದರೆ ಕಿಡ್ನಿಗಳಿಗಿಂತಲೂ ಮೇಲೆ, ಎದೆ ಮತ್ತು ಹೊಟ್ಟೆ ಕೂಡುವ ಜಾಗದಲ್ಲಿ ಹಾಕುತ್ತೇವೆ.

ಕ್ಲಾಂಪ್ ಬಿದ್ದ ಮೇಲೆ ರಕ್ತ ನಿಲ್ಲುತ್ತದೆ, ಎಲ್ಲರೂ ಉಸಿರು ಬಿಡುತ್ತಾರೆ. ಆದರೆ ಕೆಳಗಿನ ಅರ್ಧ ದೇಹಕ್ಕೆ ರಕ್ತ ಹೋಗುತ್ತಿಲ್ಲ. ಹೃದಯಕ್ಕೆ ಇದ್ದಕ್ಕಿದ್ದಂತೆ ದೊಡ್ಡ ಭಾರ. ಮೊದಲೇ ಹೃದಯಾಘಾತ ಆಗಿದ್ದವರಿಗೆ ಅಲ್ಲೇ ಇನ್ನೊಂದು ಆಗಬಹುದು. ಕೃತಕ ನಾಳ ಹೊಲಿದು ಕ್ಲಾಂಪ್ ಬಿಟ್ಟಾಗ ಮತ್ತೊಂದು ಗಂಡಾಂತರ. ರಕ್ತವಿಲ್ಲದೆ ಇದ್ದ ಕಾಲುಗಳಿಂದ ಆಮ್ಲ, ಪೊಟ್ಯಾಷಿಯಂ ಒಮ್ಮೆಗೇ ಹೃದಯಕ್ಕೆ ಬರುತ್ತವೆ, ಬಿಪಿ ಮತ್ತೆ ಕುಸಿಯುತ್ತದೆ. ಆಮೇಲೆ ಐಸಿಯು. ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಬೇಕಾಗಬಹುದು. ದೊಡ್ಡ ಕರುಳಿನ ಎಡಭಾಗಕ್ಕೆ ರಕ್ತ ಸಾಲದೆ ಅದು ಸಾಯಬಹುದು. ಹೊಟ್ಟೆಯೊಳಗೆ ಊತ, ರಕ್ತ ಸೇರಿ ಒತ್ತಡ ಏರಿದರೆ ಹೊಲಿದ ಹೊಟ್ಟೆಯನ್ನೇ ಮತ್ತೆ ತೆರೆದಿಡಬೇಕಾಗುತ್ತದೆ. ಬೀಡಿ ಸೇದಿ ಶ್ವಾಸಕೋಶ ಹಾಳಾದವರಿಗೆ ವೆಂಟಿಲೇಟರಿನಿಂದ ಹೊರಬರುವುದೇ ದೊಡ್ಡ ಕೆಲಸ. ‘ಹೈ ರಿಸ್ಕ್’ ಎಂಬ ಎರಡು ಪದಗಳ ಹಿಂದೆ ಇಷ್ಟೆಲ್ಲ ಇದೆ. ಇದನ್ನು ಬಿಡಿಸಿ ಹೇಳದೆ ಸಹಿ ಕೇಳುವುದು ನ್ಯಾಯವಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು, ಇದು ಆಪರೇಷನ್‌ಗಿಂತ ಮುಂಚಿನದು. ಬಿಪಿ 80 ಇದೆ ಎಂದ ಕೂಡಲೇ ಡ್ರಿಪ್ ಮೇಲೆ ಡ್ರಿಪ್ ಓಡಿಸುವುದು ಕೈಗೆ ಬಂದ ಅಭ್ಯಾಸ. ಒಡೆದ ಮಹಾಪಧಮನಿಯಲ್ಲಿ ಅದು ಅಪಾಯ. ಬಿಪಿ ಏರಿದರೆ ಹೆಪ್ಪು ಕಿತ್ತು ಹೋಗುತ್ತದೆ, ಬರೀ ಸಲೈನ್ ಸೇರಿದ ರಕ್ತ ತೆಳುವಾಗಿ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ರೋಗಿ ಮಾತಾಡುತ್ತಿದ್ದರೆ, ಮೇಲಿನ ಬಿಪಿ 70ರಿಂದ 90ರೊಳಗೆ ಇದ್ದರೆ, ಸುಮ್ನೆ ಬಿಟ್ಟು ಬೇಗ ಥಿಯೇಟರಿಗೆ ಸೇರಿಸಬೇಕು. ಬೇಕಾದರೆ ರಕ್ತವನ್ನೇ ಕೊಡಬೇಕು. ಹಾಗೆಂದು 70ಕ್ಕಿಂತ ಕೆಳಗೆ ಬಹಳ ಹೊತ್ತು ಇರಲೂ ಬಿಡಬಾರದು.

ಎಷ್ಟು ಜನ ಉಳಿಯುತ್ತಾರೆ ಎಂದು ಅಂದಾಜಿಸಲು ಕೆಲವು ಅಂಕಪಟ್ಟಿಗಳಿವೆ. ಹಾರ್ಡ್‌ಮನ್ ಎಂಬವರ ಹೆಸರಿನದು ಪ್ರಸಿದ್ಧ, 1996ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪಿಸಿದ್ದು. ವಯಸ್ಸು 76 ದಾಟಿದೆಯೇ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರಿದೆಯೇ, ಹಿಮೋಗ್ಲೋಬಿನ್ 9ಕ್ಕಿಂತ ಕಡಿಮೆಯೇ, ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದ ಗುರುತಿದೆಯೇ, ಆಸ್ಪತ್ರೆಗೆ ಬಂದ ಮೇಲೆ ಪ್ರಜ್ಞೆ ತಪ್ಪಿತೇ. ಐದರಲ್ಲಿ ಮೂರು ಇದ್ದವರು ಆ ಪಟ್ಟಿ ಮಾಡಿದವರ ಅನುಭವದಲ್ಲಿ ಒಬ್ಬರೂ ಉಳಿದಿರಲಿಲ್ಲ. ಬಹಳ ಕಡೆ ಇದನ್ನು ಬಾಗಿಲು ಮುಚ್ಚುವ ಕೀಲಿಯಾಗಿ ಬಳಸಿದರು. ಆಮೇಲೆ ಬೇರೆ ಆಸ್ಪತ್ರೆಗಳಲ್ಲಿ ಮೂರು ಅಂಕದವರೂ ಬದುಕಿ ಮನೆಗೆ ಹೋದರು. ಆ ಪಟ್ಟಿಯಲ್ಲಿ ಇಲ್ಲದ ವಿಷಯಗಳೂ ನೋಡಿ. ಇವರು ಮೊನ್ನೆಯವರೆಗೆ ಒಬ್ಬರೇ ಸಂತೆಗೆ ಹೋಗಿ ಬರುತ್ತಿದ್ದರೇ? ತಾವೇ ಸ್ನಾನ ಮಾಡುತ್ತಿದ್ದರೇ? ಮಾತು, ನೆನಪು ಸರಿಯಿತ್ತೇ? ನನಗೆ 84ರ ಗಟ್ಟಿ ಮನುಷ್ಯನಿಗಿಂತ, ಹಾಸಿಗೆ ಹಿಡಿದ 68ರವರ ಚಿಂತೆ ಜಾಸ್ತಿ. ಅಂಕಪಟ್ಟಿ ನಮ್ಮ ಮಾತಿಗೆ ಸಹಾಯ ಮಾಡಲಿ, ಮಾತಿನ ಜಾಗಕ್ಕೆ ಬಂದು ಕೂರುವುದು ಬೇಡ.

ಇನ್ನು ಈ ಕ್ಷೇತ್ರವನ್ನೇ ಬದಲಿಸಿದ ಸಂಗತಿ. 1990ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ ಹೊಟ್ಟೆ ತೆರೆಯದೆ, ತೊಡೆಸಂದಿನ ರಕ್ತನಾಳದ ಮೂಲಕ ಮಡಚಿದ ಕೃತಕ ನಾಳವನ್ನು ಒಳಗೆ ಕಳಿಸಿ, ಉಬ್ಬಿನ ಒಳಗೇ ಬಿಚ್ಚಿ ಕೂರಿಸಿದರು. ಸ್ಟೆಂಟ್ ಗ್ರಾಫ್ಟ್ ಅನ್ನುತ್ತಾರೆ. ಅವರ ಮನಸ್ಸಿನಲ್ಲಿದ್ದವರು ಯಾರು ಗೊತ್ತೇ? ಹೊಟ್ಟೆ ತೆರೆದರೆ ತಡೆಯಲಾರದವರು, ಶ್ವಾಸಕೋಶ ಹೃದಯ ಹದಗೆಟ್ಟವರು. ಅಂದರೆ ಈ ವಿಧಾನ ಹುಟ್ಟಿದ್ದೇ ಹೈ ರಿಸ್ಕ್ ರೋಗಿಗಳಿಗಾಗಿ. ಮೂರು ನಾಲ್ಕು ವರ್ಷದೊಳಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಒಡೆದ ಅನ್ಯೂರಿಸಂಗೂ ಇದನ್ನೇ ಮಾಡಿ ತೋರಿಸಿದರು.

ಇದರಿಂದ ನಿಜಕ್ಕೂ ಹೆಚ್ಚು ಜನ ಉಳಿಯುತ್ತಾರಾ? ಬ್ರಿಟನ್ನಿನ ನೇತೃತ್ವದಲ್ಲಿ ‘ಇಂಪ್ರೂವ್’ ಎಂಬ ದೊಡ್ಡ ಅಧ್ಯಯನ ನಡೆಯಿತು. 2009ರಿಂದ 2013ರವರೆಗೆ, 30 ಆಸ್ಪತ್ರೆಗಳು, ಒಡೆದಿದೆ ಎಂಬ ಅನುಮಾನದ 613 ರೋಗಿಗಳು. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ಮೊದಲು ಸ್ಟೆಂಟ್ ಗ್ರಾಫ್ಟ್ ಪ್ರಯತ್ನ, ಅದು ಹೊಂದದಿದ್ದರೆ ಹೊಟ್ಟೆ ತೆರೆಯುವುದು. ಉಳಿದ ಅರ್ಧಕ್ಕೆ ನೇರ ಹೊಟ್ಟೆ ತೆರೆಯುವ ಆಪರೇಷನ್. 30 ದಿನದೊಳಗೆ ತೀರಿಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 35.4, ಎರಡನೆಯದರಲ್ಲಿ 37.4. ಹೆಚ್ಚುಕಡಿಮೆ ಒಂದೇ. ಬಹಳ ಮಂದಿಗೆ ನಿರಾಸೆಯಾಯಿತು.

ಆದರೆ ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. ಮೂರು ವರ್ಷದ ಹೊತ್ತಿಗೆ ತೀರಿಕೊಂಡವರು ನೂರಕ್ಕೆ 48 ಮತ್ತು 56. ಬದುಕಿದವರಲ್ಲಿ ಆಸ್ಪತ್ರೆಯಿಂದ ನೇರ ತಮ್ಮ ಮನೆಗೆ ಹೋದವರು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 94, ಇನ್ನೊಂದರಲ್ಲಿ 77. ಹೆಂಗಸರಲ್ಲಿ ಅಂತರ ದೊಡ್ಡದು. 30 ದಿನದ ಸಾವು ನೂರಕ್ಕೆ 37 ಮತ್ತು 57. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅರಿವಳಿಕೆಯ ವಿಷಯ. ಸ್ಟೆಂಟ್ ಹಾಕುವಾಗ ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ರೋಗಿಯನ್ನು ಎಚ್ಚರವಾಗಿಯೇ ಇಟ್ಟ ಕಡೆ ಸಾವು ಬಹಳ ಕಡಿಮೆ ಇತ್ತು. ಗಟ್ಟಿಯಾಗಿದ್ದವರಿಗೇ ಹಾಗೆ ಮಾಡಿರಬಹುದು ಎಂಬ ಅನುಮಾನ ಇದ್ದೇ ಇದೆ. ಆದರೂ ಸ್ವಲ್ಪ ಹಿಂದೆ ಹೇಳಿದ ಬಿಪಿ ಪಾತಾಳಕ್ಕಿಳಿಯುವ ಕ್ಷಣ ಇಲ್ಲಿ ಬರುವುದೇ ಇಲ್ಲ, ಅಲ್ವಾ? ಹೃದಯ ದುರ್ಬಲ ಇರುವವರಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸ ಎಂದು ಯೋಚಿಸಿ. ಹಿಂದಿನ ಲೆಕ್ಕದಲ್ಲಿ ‘ಆಗುವುದಿಲ್ಲ’ ಎನ್ನಿಸಿಕೊಂಡವರಲ್ಲಿ ಕೆಲವರು ಇವತ್ತಿನ ಲೆಕ್ಕದಲ್ಲಿ ‘ಪ್ರಯತ್ನಿಸಬಹುದು’ ಎನ್ನುವ ಕಡೆಗೆ ಬಂದಿದ್ದಾರೆ. ಹಳೆಯ ಅಂಕಪಟ್ಟಿಗಳು ಹೊಟ್ಟೆ ತೆರೆಯುವ ಕಾಲದವು ಎಂಬುದನ್ನು ಮರೆಯಬಾರದು.

ಎಲ್ಲರಿಗೂ ಇದು ಹೊಂದುವುದಿಲ್ಲ. ಸ್ಟೆಂಟ್ ಗ್ರಾಫ್ಟ್ ಕಚ್ಚಿಕೊಳ್ಳಲು ಕಿಡ್ನಿ ನಾಳಗಳ ಕೆಳಗೆ ಒಂದಿಷ್ಟು ಸಪೂರ, ನೇರ ಭಾಗ ಉಳಿದಿರಬೇಕು. ಸರಿಯಾದ ಅಳತೆಯ ಗ್ರಾಫ್ಟ್ ಆ ರಾತ್ರಿ ಆಸ್ಪತ್ರೆಯ ಕಪಾಟಿನಲ್ಲಿ ಇರಬೇಕು. ಅದಕ್ಕೆ ಲಕ್ಷಗಟ್ಟಲೆ ಬೆಲೆ. ನಮ್ಮ ರಾಜ್ಯದಲ್ಲಿ ಈ ತಂಡ, ಈ ಸಲಕರಣೆ ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇದೆ. ಹಾಗಾಗಿ 65 ದಾಟಿದ, ಸೇದುವ ಅಥವಾ ಹಿಂದೆ ಸೇದುತ್ತಿದ್ದ ಗಂಡಸಿಗೆ ಒಮ್ಮೆಲೇ ಸೊಂಟ, ಬೆನ್ನು ಅಥವಾ ಹೊಟ್ಟೆನೋವು ಬಂದು, ಬೆವತು, ತಲೆಸುತ್ತಿ ಬಿದ್ದರೆ, ಅದನ್ನು ಗ್ಯಾಸ್ಟ್ರಿಕ್ ಎಂದೋ ಕಿಡ್ನಿ ಸ್ಟೋನ್ ಎಂದೋ ಬಿಟ್ಟುಬಿಡಬೇಡಿ. ಈ ವಯಸ್ಸಿನಲ್ಲಿ ಜೀವಮಾನದ ಮೊದಲ ಕಿಡ್ನಿ ಸ್ಟೋನ್ ನೋವು ಎಂದರೆ ಮಹಾಪಧಮನಿ ನೋಡದೆ ಬಿಡಬಾರದು ಎಂದು ನಾವು ಕಿರಿಯ ಡಾಕ್ಟರುಗಳಿಗೆ ಹೇಳುತ್ತಲೇ ಇರುತ್ತೇವೆ. 108ಕ್ಕೆ ಫೋನ್ ಮಾಡಿ. ಹೋಗುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಎರಡು ಕೇಳಿ: ಈಗ ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್) ಆಗುತ್ತಾ? ರಕ್ತನಾಳದ ಸರ್ಜನ್ ಬರುತ್ತಾರಾ? ಇಲ್ಲ ಎಂದರೆ ಅಲ್ಲಿ ಹೋಗಿ ಇನ್ನೊಂದು ಕಡೆಗೆ ಹೊರಡುವುದರಲ್ಲಿ ದೇಹ ಕೊಟ್ಟ ಹೊತ್ತೆಲ್ಲ ಕಳೆದುಹೋಗುತ್ತದೆ.

ಈಗ ನಾನು ಬಂದ ಕಾರಣದ ವಿಷಯ. ಒಡೆದು ಬರುವ ಹೈ ರಿಸ್ಕ್ ರೋಗಿಗಳಲ್ಲಿ ಒಂದು ಗುಂಪಿದೆ. ಇವರ ಉಬ್ಬು ಮೊದಲೇ ಗೊತ್ತಿತ್ತು. ಡಾಕ್ಟರು ನೋಡಿ, ನಿಮ್ಮ ಹೃದಯ, ಶ್ವಾಸಕೋಶದ ಸ್ಥಿತಿಯಲ್ಲಿ ಆಪರೇಷನ್ ಬೇಡ ಎಂದಿದ್ದರು. ಈ ಸಲಹೆ ತಪ್ಪಲ್ಲ. ಬ್ರಿಟನ್ನಿನಲ್ಲಿ ಹೊಟ್ಟೆ ತೆರೆಯುವ ಆಪರೇಷನ್ ತಡೆಯಲಾರದ 338 ಜನರ ಮೇಲೆ ಒಂದು ಅಧ್ಯಯನ ನಡೆದು 2005ರಲ್ಲಿ ಫಲ ಬಂತು. ಒಡೆಯುವ ಮೊದಲೇ ಸ್ಟೆಂಟ್ ಹಾಕಿದವರಿಗೂ, ಹಾಕದೆ ಬಿಟ್ಟವರಿಗೂ, ನಾಲ್ಕು ವರ್ಷದಲ್ಲಿ ಒಟ್ಟು ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಹಳ ಮಂದಿ ಹೃದಯ, ಶ್ವಾಸಕೋಶ, ಕ್ಯಾನ್ಸರ್ ಅಂತ ಬೇರೆ ಕಾರಣಕ್ಕೇ ಹೋದರು.

ಆದರೆ ‘ಬೇಡ’ ಎಂದು ಹೇಳಿ ಕಳಿಸಿದ ದಿನ ಇನ್ನೊಂದು ಮಾತು ಬಾಕಿ ಉಳಿಯುತ್ತದೆ. ಒಡೆದರೆ ಏನು ಮಾಡೋಣ? ಇದನ್ನು ಯಾರೂ ಆಡುವುದಿಲ್ಲ. ಅಪಶಕುನ ಎನಿಸುತ್ತದೆ. ಮನೆಯವರು “ಅಪ್ಪನಿಗೆ ಹೇಳಬೇಡಿ ಡಾಕ್ಟರೇ, ಹೆದರಿಕೊಳ್ಳುತ್ತಾರೆ” ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ನನಗೆ ಗೊತ್ತು. ಫಲ ಏನು? ಒಂದು ರಾತ್ರಿ ಒಡೆಯುತ್ತದೆ. ಇವರನ್ನು ಎಂದೂ ನೋಡಿರದ ಡ್ಯೂಟಿ ಡಾಕ್ಟರು, ಗಾಬರಿಯಾದ ಮಕ್ಕಳು, ಇನ್ನೊಂದು ಊರಿನಿಂದ ಫೋನಿನಲ್ಲಿ ಜೋರು ಮಾಡುವ ಅಣ್ಣ. ಎಲ್ಲರೂ ಸೇರಿ ಯಾರದೋ ಬದುಕಿನ ಕೊನೆಯ ನಿರ್ಧಾರ ಮಾಡುತ್ತಾರೆ. ಆ ಮನುಷ್ಯ ಐದು ಅಡಿ ದೂರದಲ್ಲಿ ಎಚ್ಚರವಾಗಿ ಮಲಗಿರುತ್ತಾರೆ.

ಈ ಮಾತನ್ನು ಸ್ಕ್ಯಾನ್ ರಿಪೋರ್ಟ್ ಬಂದ ವಾರವೇ ಆಡಿ. ಕಾಫಿ ಕುಡಿಯುತ್ತಾ, ಮನೆಯಲ್ಲಿ ಕೂತು. “ಒಡೆದರೆ ಪ್ರಯತ್ನ ಬೇಕಾ? ಬೇಕಾದರೆ ಎಲ್ಲಿಯವರೆಗೆ? ಹೊಟ್ಟೆ ತೆರೆಯುವುದೂ ಸರಿಯಾ, ಸ್ಟೆಂಟ್ ಮಾತ್ರ ಸಾಕಾ? ಡಯಾಲಿಸಿಸ್ ಬೇಕಾದರೆ?” ಉತ್ತರ ಬದಲಾಗಬಹುದು, ಬದಲಾಗಲಿ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುವಾಗ ಇದನ್ನೂ ಮತ್ತೆ ಕೇಳಿ. ಉತ್ತರವನ್ನು ರಿಪೋರ್ಟಿನ ಫೈಲಿನಲ್ಲಿ ಬರೆದಿಡಿ. ತುರ್ತಿನಲ್ಲಿ ಆ ಫೈಲು ಕೈಗೆ ಕೊಟ್ಟರೆ ನನ್ನಂಥವನಿಗೆ ಅದರಷ್ಟು ದೊಡ್ಡ ಸಹಾಯ ಇನ್ನೊಂದಿಲ್ಲ.

ಮಾತು ಮುಗಿದ ಮೇಲೆ ಸಭೆಯಲ್ಲಿ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಆಪರೇಷನ್ ಬೇಡ ಎಂದರೆ ಆಸ್ಪತ್ರೆಯವರು “ಹಾಗಾದರೆ ಮನೆಗೆ ಕರ್ಕೊಂಡು ಹೋಗಿ” ಎನ್ನುವುದಿಲ್ಲವೇ ಎಂದು ಒಬ್ಬ ಹಿರಿಯರು ಕೇಳಿದರು. ಹಾಗೆ ಹೇಳುವ ಕಡೆಗಳಿವೆ, ಅದು ಸರಿಯಲ್ಲ. ಆಪರೇಷನ್ ಬೇಡ ಎಂದರೆ ಚಿಕಿತ್ಸೆ ಬೇಡ ಎಂದಲ್ಲ. ನೋವಿಗೆ ಮಾರ್ಫಿನ್ ಬೇಕು, ಧಾರಾಳವಾಗಿ ಬೇಕು. ಉಸಿರಾಟದ ಕಷ್ಟ, ಆತಂಕಕ್ಕೆ ಔಷಧಿ ಬೇಕು. ಪದೇ ಪದೇ ರಕ್ತಪರೀಕ್ಷೆ, ಬಿಪಿ ಪಟ್ಟಿ ನಿಲ್ಲಬೇಕು. ಮನೆಯವರು ಪಕ್ಕದಲ್ಲಿ ಕೂರುವಂಥ ಒಂದು ಕೋಣೆ ಬೇಕು. ಲೆಸ್ಟರಿನ ಲೆಕ್ಕ ನೆನಪಿದೆಯಲ್ಲ, ಗಂಟೆಗಟ್ಟಲೆ ಸಮಯ ಇರಬಹುದು. ಅಷ್ಟು ಹೊತ್ತು ನೋವಿನಲ್ಲಿ, ಆಂಬ್ಯುಲೆನ್ಸಿನಲ್ಲಿ ಕಳೆಯುವಂತೆ ಮಾಡಬಾರದು. ನೀವು ಹಕ್ಕಿನಿಂದ ಕೇಳಿ.

ಇನ್ನೊಬ್ಬರು, ತಂದೆ ಹೀಗೇ ತೀರಿಕೊಂಡರು, ನಾನೇನು ಮಾಡಬೇಕು ಎಂದು ಕೇಳಿದರು. ಇಂಗ್ಲೆಂಡಿನಲ್ಲಿ 65 ತುಂಬುವ ಪ್ರತಿ ಗಂಡಸಿಗೂ ಒಂದು ಸಲ ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಕರೆ ಬರುತ್ತದೆ. 2009ರಲ್ಲಿ ಶುರುವಾಗಿ 2013ರ ಹೊತ್ತಿಗೆ ಆ ದೇಶ ಪೂರ್ತಿ ಹರಡಿತು. ನಮ್ಮಲ್ಲಿ ಅಂಥ ಕರೆ ಬರುವುದಿಲ್ಲ, ನಾವೇ ಹೋಗಬೇಕು. ತಂದೆಗೋ ಅಣ್ಣತಮ್ಮಂದಿರಿಗೋ ಇದ್ದರೆ, ನಿಮಗೆ 50 ದಾಟಿದ್ದರೆ, ಸೇದುವವರಾದರಂತೂ ಖಂಡಿತ, ಒಂದು ಅಲ್ಟ್ರಾಸೌಂಡ್ ಮಾಡಿಸಿ. ಅಕ್ಕತಂಗಿಯರನ್ನೂ ಬಿಡಬೇಡಿ. ಚೀಟಿಯಲ್ಲಿ ಬರೀ ‘ಹೊಟ್ಟೆ ಸ್ಕ್ಯಾನ್’ ಎಂದು ಬರೆಸಿಕೊಂಡರೆ ಸಾಲದು, ಮಹಾಪಧಮನಿಯ ಅಗಲ ಅಳೆದು ಬರೆಯಿರಿ ಎಂದು ಸ್ಕ್ಯಾನ್ ಮಾಡುವವರಿಗೇ ಹೇಳಿ. 3 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ನಿಶ್ಚಿಂತೆಯಿಂದ ಇರಿ. ಹೆಚ್ಚಿದ್ದರೆ ಸೇದುವುದನ್ನು ಅವತ್ತೇ ಬಿಟ್ಟು, ರಿಪೋರ್ಟು ಹಿಡಿದು ರಕ್ತನಾಳದ ಡಾಕ್ಟರ ಹತ್ತಿರ ಹೋಗಿ.